'ಕಂತೊಕು' ಎಂಬ ಜಪಾನಿ ಪದಕ್ಕೆ 'ತರಬೇತುದಾರ' ಸಾಲುವುದೇ?

ಮಾನ್ಯರೇ,

ಜಪಾನಿನ ಮೊದಲ ತಲೆಮಾರಿನ ಫುಟ್‌ಬಾಲ್ ಆಟಗಾರರಲ್ಲೊಬ್ಬರಾದ ತಕೆನೊಕೊಶಿ ಶಿಗೆಮಾರು (1906–1980) ಅವರ ಬದುಕನ್ನು ಕುರಿತು ಕಿರುಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಪದ ನನ್ನನ್ನು ಮುಂದೆ ಹೋಗಲು ಬಿಡುತ್ತಿಲ್ಲ. ಬಲ್ಲವರ ಅಭಿಪ್ರಾಯ ಬೇಕಾಗಿದೆ.

1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಹೋದ ಜಪಾನ್ ತಂಡದಲ್ಲಿ ಸುಝುಕಿ ಶಿಗೆಯೊಶಿ ಅವರು 'ಕಂತೊಕು', ಅಂದರೆ ತಂಡವನ್ನು ನಡೆಸುವವರು. ತಕೆನೊಕೊಶಿ ಮತ್ತು ಕುದೋ ಕೋಇಚಿ ಇಬ್ಬರೂ 'ಕೋಚಿ', ಅಂದರೆ ನಾವು ಹೇಳುವ ಕೋಚ್. ಕನ್ನಡದಲ್ಲಿ ಮೂವರನ್ನೂ 'ತರಬೇತುದಾರ' ಎಂದೇ ಬರೆಯುವುದು ಸುಲಭ. ನಾನೂ ಮೊದಲು ಹಾಗೆಯೇ ಬರೆದಿದ್ದೆ. ಆದರೆ ವಿರಾಮದ ಹೊತ್ತಿಗೆ 0–2ರಿಂದ ಹಿಂದಿದ್ದ ಆ ತಂಡ ಕವಾಮೊತೊ, ಉಕೋನ್, ಮತ್ಸುನಾಗ ಅವರ ಗೋಲುಗಳಿಂದ ಸ್ವೀಡನ್ನನ್ನು 3–2ರಿಂದ ಸೋಲಿಸಿದ್ದನ್ನೂ, ಬರ್ಲಿನ್‌ಗೆ ಬಂದ ಮೇಲಷ್ಟೇ ಕಂಡು ಕಲಿತ, ಹಿಂದೆ ಮೂವರನ್ನು ನಿಲ್ಲಿಸುವ ರಕ್ಷಣಾ ವ್ಯೂಹವನ್ನು ಅದು ಕೆಲವೇ ದಿನಗಳಲ್ಲಿ ಅಳವಡಿಸಿಕೊಂಡದ್ದನ್ನೂ ಬರೆಯುವಾಗ, ಯಾರ ಪಾತ್ರ ಯಾವುದು ಎಂಬುದು ಓದುಗರಿಗೆ ತಿಳಿಯದೆ ಹೋಗುತ್ತದೆ. ತಕೆನೊಕೊಶಿ ಅವರ ಬದುಕಿನಲ್ಲಂತೂ ಈ ಅಂತರವೇ ಮುಖ್ಯ. 1925ರಲ್ಲಿ ಮನಿಲಾದಲ್ಲಿಯೂ 1927ರಲ್ಲಿ ಶಾಂಘೈಯಲ್ಲಿಯೂ ಆಡಿದ ಅವರು 1930ರಲ್ಲಿ ತೋಕಿಯೋದ ದೂರಪ್ರಾಚ್ಯ ಕ್ರೀಡಾಕೂಟದಲ್ಲಿ ಇದೇ ಸುಝುಕಿ ಅವರ ಕೈಕೆಳಗೆ ಆಡಿದರು, ಬರ್ಲಿನ್‌ನಲ್ಲಿ ಕೋಚ್ ಆದರು, 1956ರ ಮೆಲ್ಬರ್ನ್ ಒಲಿಂಪಿಕ್ಸ್ ಹೊತ್ತಿಗೆ ತಾವೇ ಕಂತೊಕು ಆದರು.

'ಕಂತೊಕು' ಎರಡು ಚಿತ್ರಾಕ್ಷರಗಳ ಪದ. ಮೊದಲನೆಯದಕ್ಕೆ ಕಣ್ಣಿಟ್ಟು ನೋಡಿಕೊಳ್ಳುವುದು ಎಂದೂ ಎರಡನೆಯದಕ್ಕೆ ಮೇಲೆ ನಿಂತು ನಡೆಸುವುದು ಎಂದೂ ಅರ್ಥ. ಕಲಿಸುವುದು ಎಂಬ ಅರ್ಥ ಎರಡರಲ್ಲಿಯೂ ಇಲ್ಲ. ಚಲನಚಿತ್ರದ ನಿರ್ದೇಶಕ, ಬೇಸ್‌ಬಾಲ್ ತಂಡವನ್ನು ನಡೆಸುವವನು, ಕಟ್ಟಡದ ಕೆಲಸ ನೋಡಿಕೊಳ್ಳುವವನು, ಈ ಮೂವರೂ ಜಪಾನಿಯಲ್ಲಿ ಕಂತೊಕುಗಳೇ. ನಮ್ಮಲ್ಲಿ ಮೊದಲನೆಯವರು ನಿರ್ದೇಶಕರು, ಕೊನೆಯವರು ಮೇಸ್ತ್ರಿ; ನಡುವಿನವರಿಗೆ ಹೆಸರಿಲ್ಲ. 'ಮೇಲ್ವಿಚಾರಕ' ಎಂದರೆ ಕಚೇರಿಯ ವಾಸನೆ ಬರುತ್ತದೆ. 'ನಾಯಕ' ಈಗಾಗಲೇ ಅಂಗಳದಲ್ಲಿರುವವನ ಸೊತ್ತು. ಪತ್ರಿಕೆಗಳ 'ಮುಖ್ಯ ತರಬೇತುದಾರ' ಇಂದಿನ ತಂಡಗಳಿಗೆ ಒಪ್ಪುತ್ತದೆಯಾದರೂ ಕಂತೊಕುವಿನ ಕೆಲಸವನ್ನು ಮತ್ತೆ ಕಲಿಸುವಿಕೆಗೇ ಕಟ್ಟಿಹಾಕುತ್ತದೆ.

'ತರಬೇತು' ನಮಗೆ ಹಿಂದೂಸ್ತಾನಿಯ ದಾರಿಯಿಂದ ಬಂದ ಅರಬ್ಬಿ ಮೂಲದ ಪದ. 'ತರಬಿಯತ್' ಎಂದರೆ ಸಾಕಿ ಬೆಳೆಸಿ ತಿದ್ದುವುದು. ಆ ಅರ್ಥದಲ್ಲಿ ಈ ಹೆಸರು ಚೋ ದಿನ್‌ಗೆ ಸಲ್ಲುವಷ್ಟು ಬೇರೆ ಯಾರಿಗೂ ಸಲ್ಲದು ಎಂಬುದು ನನ್ನ ಭಾವನೆ. ಬರ್ಮಾದಿಂದ ತೋಕಿಯೋಗೆ ತಾಂತ್ರಿಕ ಶಿಕ್ಷಣಕ್ಕೆಂದು ಬಂದಿದ್ದ ಈ ವಿದ್ಯಾರ್ಥಿ ವಸೆದಾ ಹೈಸ್ಕೂಲಿನ ಹುಡುಗರಿಗೆ ಚೆಂಡನ್ನು ಒದೆಯುವ ಬಗೆ, ಚಿಕ್ಕ ಪಾಸ್‌ಗಳಲ್ಲಿ ಮುಂದುವರಿಯುವ ಬಗೆ ಕಲಿಸಿದರು. ಆ ಶಾಲೆ 1923 ಮತ್ತು 1924ರಲ್ಲಿ ಪ್ರೌಢಶಾಲೆಗಳ ಪಂದ್ಯಾವಳಿಯನ್ನು ಗೆದ್ದಿತು. 1923ರಲ್ಲಿ ಅವರ ಪುಸ್ತಕವೂ ಬಂತು. ಸುಝುಕಿ ಅವರಂತೆ ತಕೆನೊಕೊಶಿ ಅವರೂ ಚೋ ದಿನ್ ಅವರಿಂದ ಕಲಿತವರು. ಆದುದರಿಂದ ಒಂದೇ ಲೇಖನದಲ್ಲಿ ಚೋ ದಿನ್ ಅವರನ್ನೂ ಸುಝುಕಿ ಅವರನ್ನೂ 'ತರಬೇತುದಾರ' ಎಂದು ಕರೆಯಲು ಮನಸ್ಸು ಒಪ್ಪುತ್ತಿಲ್ಲ.

ಆಟದ ಹೆಸರನ್ನು ಕುರಿತೂ ಒಂದು ಮಾತು. ತಕೆನೊಕೊಶಿ ಅವರು ಆಡುತ್ತಿದ್ದ ಕಾಲದಲ್ಲಿ ಅದು 'ಶೂಕ್ಯೂ', ಅಂದರೆ ಒದೆಯುವ ಚೆಂಡು. 1921ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಸ್ಥೆಯ ಹೆಸರಿನಲ್ಲಿದ್ದದ್ದೂ ಇದೇ ಪದ. 1946ರಲ್ಲಿ ಸರ್ಕಾರ ದಿನಬಳಕೆಗೆಂದು 1850 ಚಿತ್ರಾಕ್ಷರಗಳ ಪಟ್ಟಿ ಮಾಡಿದಾಗ ಒದೆಯುವುದನ್ನು ಹೇಳುವ ಅಕ್ಷರ ಅದರಲ್ಲಿ ಸೇರಲಿಲ್ಲ. ಇಂಗ್ಲಿಷಿನ 'ಸಾಕರ್'ನಿಂದ ಬಂದ 'ಸಕ್ಕಾ' ಎಂಬ ಎರವಲು ಪದ ನೆಲೆಯೂರಿತು. ಹಾಗಾಗಿ 1946ಕ್ಕೆ ಮುಂಚಿನ ಸಂಗತಿಗಳನ್ನು ಹೇಳುವಾಗ 'ಕಾಲ್ಚೆಂಡು' ಎಂದೂ ಅನಂತರದ್ದಕ್ಕೆ 'ಫುಟ್‌ಬಾಲ್' ಎಂದೂ ಬರೆಯಲು ಯೋಚಿಸಿದ್ದೇನೆ.

ಸದ್ಯಕ್ಕೆ ಕಂತೊಕುವಿಗೆ 'ತಂಡದ ನಿರ್ದೇಶಕ' ಎಂದು ಬರೆದಿಟ್ಟಿದ್ದೇನೆ. ಇದಕ್ಕಿಂತ ಹೊಂದುವ, ಗರಡಿಯಲ್ಲೋ ಮೇಳದಲ್ಲೋ ಇಂದಿಗೂ ಆಡುವ ಮಾತು ನಿಮ್ಮ ಕಡೆ ಇದ್ದರೆ, ಅದನ್ನು ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಕೇಳಿದಿರಿ ಎಂಬುದರೊಡನೆ ದಯವಿಟ್ಟು ತಿಳಿಸಿ.