ಬಿತ್ತಿದ್ದು ಗೋಧಿ, ಪಹಣಿಯಲ್ಲಿ ಕಡಲೆ: ಬೆಳೆ ವಿಮೆಗೆ ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಧಾರವಾಡ ಜಿಲ್ಲೆಯ ಎರೆಭೂಮಿ ನಮ್ಮದು. ಕಳೆದ ಹಿಂಗಾರಿಗೆ ಮೂರು ಎಕರೆ ಮಳೆಯಾಶ್ರಿತ ಗೋಧಿ ಬಿತ್ತಿ, ನಡುವೆ ಕುಸುಬೆ ಅಕ್ಕಡಿ ಹಾಕಿದ್ದೆವು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಗೋಧಿಗೇ ವಿಮೆ ಮಾಡಿಸಿದ್ದೇನೆ. ಹಿಂಗಾರಿಗೆ ರೈತರ ಪಾಲು ವಿಮಾ ಮೊತ್ತದ ಶೇ 1.5, ಅದನ್ನು ಕಟ್ಟಿದ ರಸೀದಿ ಕೈಯಲ್ಲಿದೆ.

ಈಗ ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್‌ನಲ್ಲಿ ನೋಡಿದರೆ, ಬೆಳೆ ಹೊಂದಾಣಿಕೆಯಾಗಿಲ್ಲ ಎಂದು ಅರ್ಜಿ ತಿರಸ್ಕೃತವಾಗಿದೆ. ಪಹಣಿ ತೆಗೆಸಿದೆ. ಅಲ್ಲಿ ಮೂರೂ ಎಕರೆ ಕಡಲೆ! ಕಡಲೆ ಇದ್ದದ್ದು ಪಕ್ಕದವರ ಹೊಲದಲ್ಲಿ. ಬೆಳೆ ಸಮೀಕ್ಷೆಗೆ ಬಂದ ಹುಡುಗ ಬದುವಿನ ಮೇಲೆ ನಿಂತು ಯಾವ ಕಡೆ ಮುಖ ಮಾಡಿ ಫೋಟೊ ತೆಗೆದನೋ ಶಿವನೇ ಬಲ್ಲ. ನಾನೇ ಆ್ಯಪ್‌ನಲ್ಲಿ ಸಮೀಕ್ಷೆ ಮಾಡಿಕೊಳ್ಳಬಹುದಿತ್ತು. ಅಸಡ್ಡೆ ಮಾಡಿದ್ದು ನನ್ನ ತಪ್ಪು, ಒಪ್ಪುತ್ತೇನೆ.

ಕೃಷಿ ಕಚೇರಿಯವರು ಕಂದಾಯದವರನ್ನು ಕೇಳಿ ಎಂದರು. ಕಂದಾಯದವರು ವಿಮೆ ಕಂಪನಿಯತ್ತ ಕೈ ತೋರಿಸಿದರು. ಕಂಪನಿಯವರು ಮತ್ತೆ ಕೃಷಿ ಕಚೇರಿಗೇ ಕಳಿಸಿದರು. ಸಮೀಕ್ಷೆಯ ವಿವರ ತೋರಿಸುವ ಬೆಳೆ ದರ್ಶಕ ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕೋಣವೆಂದರೆ ಅವಧಿ ಮುಗಿದಿದೆ. ತೆನೆ ತುಂಬಿದ ಹೊಲದ ಫೋಟೊ ದಿನಾಂಕ ಸಮೇತ ಮೊಬೈಲ್‌ನಲ್ಲಿದೆ, ಕೈಗೆ ಬಂದಷ್ಟು ಗೋಧಿ ಮಾರಿದ ದಲಾಲರ ಪಟ್ಟಿಯೂ ಇದೆ.

ನನಗೆ ತಿಳಿಯದಿರುವುದು ಇಷ್ಟೇ: ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಪಹಣಿಯ ಬೆಳೆ ಕಾಲಂ ತಿದ್ದಿಸಲು ಲಿಖಿತ ಅರ್ಜಿಯನ್ನು ತಹಶೀಲ್ದಾರರಿಗೆ ಕೊಡಬೇಕೇ, ಸಹಾಯಕ ಕೃಷಿ ನಿರ್ದೇಶಕರಿಗೆ ಕೊಡಬೇಕೇ? ಪಹಣಿ ತಿದ್ದುಪಡಿಯಾಗದೆಯೂ ಈ ಫೋಟೊ, ಪಟ್ಟಿಗಳ ಮೇಲೆ ವಿಮೆ ಅರ್ಜಿ ಮರುಪರಿಶೀಲನೆಯಾದವರು ಯಾರಾದರೂ ಇದ್ದೀರಾ?