ಟೆನ್ನೆಸೀಯ ರಗ್ಬಿ ಊರು: ಜನ ಹೋದರು, ಪುಸ್ತಕ ಮಾತ್ರ ಹೇಗೆ ಉಳಿಯಿತು?

ದಾರಿಹೋಕ:
ಎಲ್ಲರಿಗೂ ನಮಸ್ಕಾರ. ಮೊನ್ನೆ ಅಮೆರಿಕದ ಟೆನ್ನೆಸೀ ರಾಜ್ಯದ 52ನೇ ರಾಜ್ಯ ಹೆದ್ದಾರಿಯಲ್ಲಿ ಹೋಗ್ತಿದ್ದಾಗ ಕಾಡಿನ ಮಧ್ಯೆ ರಗ್ಬಿ ಅನ್ನೋ ಪುಟ್ಟ ಊರು ಸಿಕ್ಕಿತು. ಮರದ ಹಳೇ ಮನೆಗಳು, ಚೂಪು ಚಾವಣಿಯ ಚರ್ಚು, ನೋಡಿದರೆ ಇಂಗ್ಲೆಂಡಿನ ಯಾವುದೋ ಹಳ್ಳಿ ಅನ್ನಿಸುತ್ತೆ. ಕತ್ತಲಾಗಿತ್ತು, ಇಳಿದು ನೋಡೋಕೆ ಆಗಲಿಲ್ಲ. ಊರಿಗೆ ಮೇಯರ್ ಇಲ್ಲ, ನಗರಸಭೆ ಇಲ್ಲ, ಎಲ್ಲ ಕೌಂಟಿಯೇ (ನಮ್ಮ ಜಿಲ್ಲೆಯ ಥರ) ನೋಡಿಕೊಳ್ಳುತ್ತಂತೆ. ಇದನ್ನ ಯಾರು ಕಟ್ಟಿದ್ದು? ಮುಂದಿನ ತಿಂಗಳು ಮತ್ತೆ ಆ ಕಡೆ ಹೋಗ್ತೀನಿ, ಏನು ನೋಡಬೇಕು ಹೇಳಿ.

ಹಳೇ ಬೈಂಡು:
ಒಳ್ಳೇ ಊರಿನ ಬಗ್ಗೆ ಕೇಳಿದ್ದೀರಿ. ಕಟ್ಟಿದ್ದು ಥಾಮಸ್ ಹ್ಯೂಸ್, ಇಂಗ್ಲೆಂಡಿನ ಲೇಖಕ, ಅಲ್ಲಿನ ಪಾರ್ಲಿಮೆಂಟಿನಲ್ಲೂ ಇದ್ದವರು. ಆಗ ಇಂಗ್ಲೆಂಡಿನ ಜಮೀನ್ದಾರರ ಮನೆಗಳಲ್ಲಿ ಆಸ್ತಿಯೆಲ್ಲ ಹಿರಿ ಮಗನಿಗೆ. ಕಿರಿಯರಿಗೆ ಓದು ಇರುತ್ತಿತ್ತು, ಭೂಮಿ ಇರುತ್ತಿರಲಿಲ್ಲ, ಕೈಕೆಸರು ಮಾಡಿಕೊಂಡು ದುಡಿದರೆ ಮನೆತನಕ್ಕೆ ಅವಮಾನ. ಅಂಥ ಹುಡುಗರು ಮರ್ಯಾದೆಯಿಂದ ಮೈಬಗ್ಗಿಸಿ ಬದುಕೋಕೆ ಒಂದು ಊರು ಬೇಕು ಅಂತ ಹ್ಯೂಸ್ ಹೊರಟರು. ಬಾಸ್ಟನ್ನಿನ ಹಣವಂತರು ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಅಂತ ನೋಡಿಟ್ಟಿದ್ದ ಜಾಗ ಸಿಕ್ಕಿತು. 1880ರ ಅಕ್ಟೋಬರ್ 5ಕ್ಕೆ ಊರು ಶುರುವಾಯಿತು. ಹೆಸರು, ಹ್ಯೂಸ್ ಓದಿದ ಶಾಲೆಯದು. 1884ರ ಹೊತ್ತಿಗೆ 300ಕ್ಕೂ ಹೆಚ್ಚು ಜನ ಇದ್ದರು.

ನೀವು ಮೊದಲು ಲೈಬ್ರರಿಗೆ ಹೋಗಿ. 1882ರದು. ಪ್ರಕಾಶಕರು ಹ್ಯೂಸ್ ಮೇಲಿನ ಗೌರವಕ್ಕೆ ಪುಸ್ತಕ ಕೊಟ್ಟರು, ಸುಮಾರು 7,000 ಪುಸ್ತಕ, ಇವತ್ತೂ ಅಲ್ಲೇ ಇವೆ. ಒಂದೇ ಕೋಣೆ, ನೆಲದಿಂದ ಮೇಲಿನವರೆಗೂ ಮರದ ಕಪಾಟು. ಹಳೇ ಬಟ್ಟೆ ಬೈಂಡಿನ ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯುತ್ತೆ. ಕಪಾಟಿನ ಮುಂದೆ ಸುಮ್ನೆ ನಿಂತು ಬೆನ್ನಿನ ಮೇಲಿನ ಹೆಸರುಗಳನ್ನ ಓದುತ್ತಾ ಹೋದರೆ ಸಾಕು, ಆ ಹುಡುಗರು ಸಂಜೆ ಹೊತ್ತು ಏನೇನು ಓದಬಹುದಿತ್ತು ಅನ್ನೋದು ಕಣ್ಣಿಗೆ ಕಟ್ಟುತ್ತೆ.

ಗುಡ್ಡದ ಗಾಳಿ:
ಲೈಬ್ರರಿ ಸರಿ, ಆದರೆ ಊರು ಸೊರಗಿ ಜನ ಬಿಟ್ಟುಹೋಗಿದ್ದಕ್ಕೆ ಆ ಹುಡುಗರೇ ಕಾರಣ ಅಲ್ವಾ? ಹೊಲ ಬಿಟ್ಟು ಟೆನಿಸ್ ಆಡಿಕೊಂಡಿದ್ದರು ಅಂತಾರೆ. ಟೊಮೇಟೊ ಡಬ್ಬಿಗೆ ತುಂಬೋ ಕಾರ್ಖಾನೆ ಹಾಕಿದರು, ತುಂಬೋಕೆ ಟೊಮೇಟೊನೇ ಸಾಲದೆ ಅದೂ ನಿಂತುಹೋಯಿತು.

ಬಾವಿಕಟ್ಟೆ:
ಅಷ್ಟು ಸುಲಭವಾಗಿ ಹುಡುಗರ ತಲೆಗೆ ಕಟ್ಟಬೇಡಿ. ಟೆನಿಸ್ ಆಡಿದ್ದು ನಿಜ. ಆದರೆ ಮೊದಲ ಚಳಿಗಾಲವೇ ಭೀಕರವಾಗಿತ್ತು, ಆ ಗುಡ್ಡದ ಮಣ್ಣಿನಲ್ಲಿ ಸಾರ ಕಡಿಮೆ. ಭೂಮಿಯ ಹಕ್ಕುಪತ್ರದ ತಕರಾರು ಕೋರ್ಟು ಹತ್ತಿತ್ತು, ಹಾಗಾಗಿ ದುಡ್ಡು ಹಿಡಿದು ಬಂದವರಿಗೂ ಜಮೀನು ಬೇಗ ಸಿಗಲಿಲ್ಲ. ರೈಲು ಹಿಡಿಯೋಕೆ ಸುಮಾರು ಏಳು ಮೈಲಿ ಹೋಗಬೇಕು.

ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟಿದ್ದು 1881ರ ಟೈಫಾಯ್ಡ್. ಟಬಾರ್ಡ್ ಇನ್ ಅನ್ನೋ ಹೋಟೆಲಿನ ಬಾವಿ ನೀರು ಕೆಟ್ಟಿತ್ತು. ಏಳು ಜನ ಸತ್ತರು. ಆರೋಗ್ಯಕ್ಕೆ ಒಳ್ಳೇ ಜಾಗ ಅಂತ ಹೆಸರಾಗಿದ್ದ ಊರು, ಪತ್ರಿಕೆಗಳಲ್ಲಿ ಸುದ್ದಿ ಬಂದಮೇಲೆ ಯಾರು ಬರ್ತಾರೆ ಹೇಳಿ? ಹೋಟೆಲು 1884ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟಿದರು, ಅದೂ 1899ರಲ್ಲಿ ಬೆಂಕಿಗೆ ಹೋಯಿತು.

ಹ್ಯೂಸ್ ಕೊನೆಗೂ ಅಲ್ಲಿ ನೆಲೆಸಲಿಲ್ಲ, ಬಂದು ಹೋಗ್ತಿದ್ದರು ಅಷ್ಟೇ. ನೆಲೆಸಿದ್ದು ಅವರ ತಾಯಿ ಮಾರ್ಗರೆಟ್! 80 ದಾಟಿದಮೇಲೆ ಸಮುದ್ರ ದಾಟಿ ಬಂದರು, 1887ರಲ್ಲಿ ತೀರಿಕೊಳ್ಳೋ ತನಕ ಅಲ್ಲೇ ಇದ್ದರು. ಅವರಿದ್ದ ಅಫಿಂಗ್ಟನ್ ಹೌಸ್ ಇನ್ನೂ ಇದೆ. ಅವರ ಸಮಾಧಿ ಲಾರೆಲ್ ಡೇಲ್ ಸ್ಮಶಾನದಲ್ಲಿ, ದಯವಿಟ್ಟು ಅಲ್ಲಿಗೂ ಹೋಗಿಬನ್ನಿ.

ಹಳೇ ಬೈಂಡು:
ಬಾವಿಕಟ್ಟೆಯವರು ಹೇಳಿದ್ದು ಸರಿ. ಇನ್ನೊಂದು ಮಾತು: ಊರು ಪೂರ್ತಿ ಖಾಲಿಯಾಗಲೇ ಇಲ್ಲ. ಕೆಲವು ಮನೆಯವರು ಉಳಿದರು, ಚರ್ಚು, ಲೈಬ್ರರಿ, ಮನೆಗಳನ್ನ ಅವರೇ ನೋಡಿಕೊಂಡರು. 1966ರಲ್ಲಿ ಉಳಿಸೋಕೆ ಅಂತಲೇ ಒಂದು ಸಂಸ್ಥೆ ಹುಟ್ಟಿತು, 1972ರಲ್ಲಿ ಊರು ರಾಷ್ಟ್ರೀಯ ಐತಿಹಾಸಿಕ ಪಟ್ಟಿಗೆ ಸೇರಿತು. ನಗರಸಭೆ ಇಲ್ಲದ ಊರಲ್ಲಿ ಇಷ್ಟು ಉಳಿದಿರೋದು ಆ ಕೆಲವರಿಂದ.

ದಾರಿಹೋಕ:
ತುಂಬಾ ಥ್ಯಾಂಕ್ಸ್! ಚರ್ಚಿನ ಒಳಗೂ ಬಿಡ್ತಾರಾ?

ಬಾವಿಕಟ್ಟೆ:
ಗೈಡ್ ಜೊತೆ ಹೋದರೆ ಬಿಡ್ತಾರೆ. ಕ್ರೈಸ್ಟ್ ಚರ್ಚ್ 1887ರದು, ಈಗಲೂ ಪ್ರಾರ್ಥನೆ ನಡೆಯುತ್ತೆ. ಒಳಗೆ 1849ರಲ್ಲಿ ಲಂಡನ್ನಿನಲ್ಲಿ ಮಾಡಿದ ಬೀಟೆ ಮರದ ಆರ್ಗನ್ ವಾದ್ಯ ಇದೆ, ಅದನ್ನ ಹತ್ತಿರದಿಂದ ನೋಡಿ. ಆಮೇಲೆ ಬೆಳಕಿದ್ದಾಗಲೇ ಕ್ಲಿಯರ್ ಫೋರ್ಕ್ ಹೊಳೆಗೆ ಇಳಿಯಿರಿ. ಆ ಹುಡುಗರು ಈಜುತ್ತಿದ್ದ ಮಡುವಿಗೆ ಕಾಲುದಾರಿ ಇನ್ನೂ ಇದೆ.