ತೆರವುಗೊಳಿಸಿದ ಜಾಗಕ್ಕೆ ಕಸ ಮರಳಿ ಬರುವುದೇಕೆ? ಪರಿಸರ ಅಭಿಯಂತರರೊಂದಿಗೆ ಪ್ರಶ್ನೋತ್ತರ

ಬಡಾವಣೆಗಳಲ್ಲಿ ಸ್ವಯಂಪ್ರೇರಿತವಾಗಿ ಸ್ವಚ್ಛತಾ ಕೆಲಸ ಮಾಡುತ್ತಿರುವ ನಮ್ಮ ಗುಂಪಿನ ಸದಸ್ಯರ ಪ್ರಶ್ನೆಗಳಿಗೆ, ನಗರ ಘನತ್ಯಾಜ್ಯ ವಿಭಾಗದಲ್ಲಿ ಪರಿಸರ ಅಭಿಯಂತರರಾಗಿ ಸೇವೆ ಸಲ್ಲಿಸಿ ನಿವೃತ್ತರಾಗಿರುವ ಮೇಡಂ ಅವರು ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಬೆಂಗಳೂರಿನ ಪಶ್ಚಿಮ ಭಾಗದ ಹಳೆಯ ಬಡಾವಣೆಯೊಂದರ ನಿವಾಸಿಗಳು. ನಮ್ಮ ಅಡ್ಡರಸ್ತೆಯು ಮುಖ್ಯರಸ್ತೆಯನ್ನು ಸೇರುವ ಮೂಲೆಯಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕದ ಕಾಂಪೌಂಡ್ ಗೋಡೆಗೆ ಒರಗಿಕೊಂಡಂತೆ ವರ್ಷಗಳಿಂದ ಕಸ ಬೀಳುತ್ತಿದೆ. ನೆರೆಹೊರೆಯವರೆಲ್ಲ ಸೇರಿ ಗುಡಿಸಿ, ಗೋಡೆಗೆ ಬಣ್ಣ ಬಳಿದು, ಗಿಡದ ಕುಂಡಗಳನ್ನು ಇಟ್ಟೆವು. ವಾರ ಕಳೆಯುವಷ್ಟರಲ್ಲಿ ಆ ಕುಂಡಗಳ ನಡುವೆಯೇ ಗಂಟು ಕಟ್ಟಿದ ಕವರುಗಳು ಕಾಣಿಸಿಕೊಂಡವು. ನಾವು ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನಮಸ್ಕಾರ. ನೀವು ಕಸವನ್ನು ತೆಗೆದಿದ್ದೀರಿ, ಆದರೆ ಅದು ಅಲ್ಲಿಗೆ ಬರುವ ದಾರಿ ಹಾಗೆಯೇ ಉಳಿದಿದೆ. ಪಾಲಿಕೆಯವರು ಬ್ಲಾಕ್ ಸ್ಪಾಟ್ ಎಂದು ಕರೆಯುವ ಇಂತಹ ಪ್ರತಿಯೊಂದು ಜಾಗಕ್ಕೂ ಖಾಯಂ ಗಿರಾಕಿಗಳಿರುತ್ತಾರೆ ಮತ್ತು ಅವರು ಬರುವ ಹೊತ್ತೂ ಹೆಚ್ಚುಕಡಿಮೆ ನಿಶ್ಚಿತವಾಗಿರುತ್ತದೆ. ಆದ್ದರಿಂದ ಪೊರಕೆ ಹಿಡಿಯುವ ಮೊದಲು ಒಂದು ವಾರ ಆ ಮೂಲೆಯನ್ನು ಸುಮ್ಮನೆ ಗಮನಿಸಿ. ಮುಂಜಾನೆ ಐದೂವರೆಯಿಂದ ಏಳರವರೆಗೆ, ಕಚೇರಿಗೆ ಹೊರಡುವ ಹೊತ್ತಿನಲ್ಲಿ ಹಾಗೂ ರಾತ್ರಿ ಅಂಗಡಿ ಬಾಗಿಲು ಹಾಕುವ ಸಮಯದಲ್ಲಿ ಯಾರಾದರೂ ಎದುರು ಮನೆಯ ಮಹಡಿಯ ಮೇಲೆ ನಿಂತು ನೋಡಿದರೆ ಸಾಕು. ಆಟೋ ಟಿಪ್ಪರ್ ಬರುವ ಮೊದಲೇ ಕೆಲಸಕ್ಕೆ ಹೊರಡುವ ದಂಪತಿಗಳು, ಪಿಜಿ ಮತ್ತು ಬ್ಯಾಚುಲರ್ ಕೋಣೆಗಳಲ್ಲಿ ಇರುವ ಹುಡುಗರು, ಕೋಳಿ ಅಂಗಡಿಯವರು, ರಾತ್ರಿ ತಳ್ಳುಗಾಡಿ ಮುಚ್ಚುವವರು, ಬೇರೆ ಬಡಾವಣೆಯಿಂದ ಸ್ಕೂಟರಿನ ಹ್ಯಾಂಡಲಿಗೆ ಕವರು ತೂಗುಹಾಕಿಕೊಂಡು ಬಂದು ವೇಗ ತಗ್ಗಿಸದೆಯೇ ಎಸೆದು ಹೋಗುವವರು: ಇವರಲ್ಲಿ ಯಾರು ನಿಮ್ಮ ಮೂಲೆಯ ಗಿರಾಕಿಗಳು ಎಂಬುದು ತಿಳಿಯದೆ ಪರಿಹಾರ ಸಿಗುವುದಿಲ್ಲ, ಏಕೆಂದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಪರಿಹಾರ ಬೇಕಾಗುತ್ತದೆ.

ಇನ್ನೊಂದು ಸಾಧ್ಯತೆಯನ್ನು ನಿವಾಸಿಗಳು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ. ಕೆಲವು ಮೂಲೆಗಳನ್ನು ಕೊಳಕು ಮಾಡುವುದು ಜನರಲ್ಲ, ವ್ಯವಸ್ಥೆಯೇ. ಆಟೋ ಟಿಪ್ಪರುಗಳು ಮನೆಮನೆಯಿಂದ ತಂದ ಕಸವನ್ನು, ಒತ್ತಿ ತುಂಬಿಕೊಂಡು ಒಯ್ಯುವ ಕಾಂಪ್ಯಾಕ್ಟರ್ ಲಾರಿಗೆ ವರ್ಗಾಯಿಸುವ ಜಾಗ ಅದಾಗಿರಬಹುದು, ಅಥವಾ ರಸ್ತೆ ಗುಡಿಸಿದ ಕಸವನ್ನು ಗುಡ್ಡೆ ಹಾಕಿ ವಾಹನಕ್ಕೆ ಕಾಯುವ ಜಾಗವಾಗಿರಬಹುದು. ಲಾರಿ ತಡವಾದ ದಿನ ಒಂದು ರಾಶಿ ನೆಲದ ಮೇಲೆ ಉಳಿಯುತ್ತದೆ. ಉಳಿದ ರಾಶಿಯನ್ನು ಕಂಡವರು ಇಲ್ಲಿ ಹಾಕಬಹುದು ಎಂದುಕೊಳ್ಳುತ್ತಾರೆ. ಇಂತಹ ಜಾಗದಲ್ಲಿ ನೀವು ಎಷ್ಟು ಕುಂಡ ಇಟ್ಟರೂ ವ್ಯರ್ಥ. ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರನ್ನು ಕಂಡು ವರ್ಗಾವಣೆಯ ಜಾಗವನ್ನು ಅಥವಾ ಹೊತ್ತನ್ನು ಬದಲಾಯಿಸುವಂತೆ ಕೇಳಬೇಕು.

ಅಂದ ಹಾಗೆ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ನೀರು ಹಾಯಿಸಿ ತೊಳೆಯುವುದು, ಕಬ್ಬಿಣದ ಹಾರೆಯಿಂದ ಅಗೆಯುವುದು, ಬೇಲಿಯೊಳಗೆ ಕೈ ಹಾಕಿ ಕಸ ಎಳೆಯುವುದು ಖಂಡಿತ ಬೇಡ. ಬೇಲಿಯೊಳಗಿನ ಕಸಕ್ಕೆ ಬೆಸ್ಕಾಂನ 1912 ಸಂಖ್ಯೆಗೆ ಕರೆ ಮಾಡಿ, ಅವರ ಸಿಬ್ಬಂದಿಯ ಸಮ್ಮುಖದಲ್ಲೇ ತೆಗೆಸಿ.

ಅದೇ ಸದಸ್ಯರು: ನೀವು ಹೇಳಿದಂತೆ ಗಮನಿಸಿದೆವು. ಹೆಚ್ಚಿನ ಕವರುಗಳು ಸಮೀಪದ ಎರಡು ಪಿಜಿಗಳಿಂದ ಮತ್ತು ಬೆಳಿಗ್ಗೆ ಬೇಗ ಹೊರಡುವ ಮನೆಗಳಿಂದ ಬರುತ್ತಿವೆ. ಕೆಲವು ಕವರುಗಳಲ್ಲಿ ಪಾರ್ಸೆಲ್ ಮೇಲಿನ ವಿಳಾಸದ ಚೀಟಿಯೂ ಸಿಕ್ಕಿದೆ. ಅವುಗಳ ಚಿತ್ರ ತೆಗೆದು ಬಡಾವಣೆಯ ಗುಂಪಿನಲ್ಲಿ ಹಾಕಬಹುದೇ? ಹಾಗೆಯೇ ಅಲ್ಲಿ ಒಂದು ದೊಡ್ಡ ಕಸದ ತೊಟ್ಟಿ ಇರಿಸಿದರೆ ಹೇಗೆ?

ಉತ್ತರ: ಚಿತ್ರ ಹಾಕಬೇಡಿ. ಹೆಸರು, ಮನೆ ಸಂಖ್ಯೆ ಬಹಿರಂಗವಾದ ಕ್ಷಣದಿಂದ ಆ ಮನೆಯವರು ನಿಮ್ಮ ಎದುರಾಳಿಗಳಾಗುತ್ತಾರೆ. ಕಸವನ್ನು ಅಲ್ಲಿಯೇ ಹಾಕುತ್ತಾರೆ, ಚೀಟಿಯನ್ನು ಮಾತ್ರ ಹರಿದುಹಾಕಿ ಹಾಕುತ್ತಾರೆ. ಬದಲಿಗೆ ಇಬ್ಬರು ಹಿರಿಯರು, ಸಾಧ್ಯವಾದರೆ ಕಸ ಬೇರ್ಪಡಿಸುವ ಬಗ್ಗೆ ಮನೆಮನೆಗೆ ತಿಳಿಹೇಳುವ ವಾರ್ಡಿನ ಲಿಂಕ್ ವರ್ಕರ್ ಜೊತೆಗೆ, ಸಂಜೆಯ ವೇಳೆ ಅವರ ಮನೆಗೇ ಹೋಗಿ, ‘ಗಾಡಿ ಬರುವ ಹೊತ್ತಿಗೆ ನೀವು ಇರುವುದಿಲ್ಲವೇ?’ ಎಂದು ಕೇಳಿ. ಇರುವುದಿಲ್ಲ ಎಂಬುದೇ ಬಹುಪಾಲು ಉತ್ತರವಾಗಿರುತ್ತದೆ. ಅಂತಹ ಮನೆಗಳ ಹಸಿ ಕಸದ ಬುಟ್ಟಿಯನ್ನು ಕೆಳಗಿನ ಮನೆಯವರೋ ಕಟ್ಟಡದ ವಾಚ್‌ಮನ್ನೋ ಗಾಡಿಗೆ ಸುರಿಯುವ ಏರ್ಪಾಡು ಮಾಡಿದರೆ ಅರ್ಧ ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ.

ಪಿಜಿಯ ವಿಷಯ ಬೇರೆ. ಅಲ್ಲಿರುವ ಹುಡುಗರೊಂದಿಗೆ ವಾದಿಸಿ ಪ್ರಯೋಜನವಿಲ್ಲ, ಮಾಲೀಕರನ್ನು ಹಿಡಿಯಬೇಕು. ಕಸವನ್ನು ಹುಟ್ಟುವ ಜಾಗದಲ್ಲಿಯೇ ಬೇರ್ಪಡಿಸಿ ಕೊಡಬೇಕೆಂದು ಕರ್ನಾಟಕ ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಸ್ಪಷ್ಟವಾಗಿ ಆದೇಶಿಸಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಡಯಾಪರ್, ಸ್ಯಾನಿಟರಿ ಪ್ಯಾಡ್‌ನಂತಹವುಗಳಿಗೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ ಎಂಬ ಪದ್ಧತಿ ನಗರದಾದ್ಯಂತ ಜಾರಿಗೆ ಬಂದದ್ದು ಆ ಆದೇಶದಿಂದಲೇ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಕಸ ಉತ್ಪಾದಿಸುವ ಪ್ರತಿಯೊಬ್ಬರ ಮೇಲೆ ಇದೇ ಹೊಣೆಯನ್ನು ಹೊರಿಸಿದವು. ಮಾಲೀಕರು ಮಹಡಿಗೊಂದರಂತೆ ಬುಟ್ಟಿಗಳನ್ನಿರಿಸಿ, ಅಡುಗೆಯವರ ಕೈಯಲ್ಲಿ ದಿನವೂ ಗಾಡಿಗೆ ಹಾಕಿಸಲೇಬೇಕು. ಮೊದಲು ಮಾತಿನಲ್ಲಿ ಹೇಳಿ, ಕೇಳದಿದ್ದರೆ ಆರೋಗ್ಯ ನಿರೀಕ್ಷಕರಿಂದ ದಂಡದ ರಸೀದಿ ಕೊಡಿಸಿ. ಅದಕ್ಕೆ ಸಂಕೋಚ ಬೇಡ.

ತೊಟ್ಟಿ ಮಾತ್ರ ಬೇಡವೇ ಬೇಡ. ಬೀದಿಯ ದೊಡ್ಡ ತೊಟ್ಟಿಗಳನ್ನು ತೆಗೆದು ಮನೆ ಬಾಗಿಲಿನಿಂದ ಕಸ ಸಂಗ್ರಹಿಸುವ ಕ್ರಮ ಬೆಂಗಳೂರಿನಲ್ಲಿ ಆರಂಭವಾದದ್ದಕ್ಕೆ ಕಾರಣವಿದೆ. ತೊಟ್ಟಿ ಇದ್ದಲ್ಲಿ ಎಲ್ಲ ಬಗೆಯ ಕಸವೂ ಬೆರೆಯುತ್ತದೆ, ತುಂಬಿದ ಮೇಲೆ ಸುತ್ತಲೂ ಬೀಳುತ್ತದೆ, ನಾಯಿ, ಹಸುಗಳು ಎಳೆದಾಡುತ್ತವೆ. ಹಾಗೆ ಬೆರೆತ ಕಸ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಮಾವಳ್ಳಿಪುರ ಮತ್ತು ಮಂಡೂರಿನ ಜನರನ್ನು ಕೇಳಬೇಕು. ನಗರದ ಕಸದ ಬೆಟ್ಟದಡಿಯಲ್ಲಿ ಬದುಕಿದ ಆ ಊರುಗಳವರು ಬೀದಿಗಿಳಿದು ಹೋರಾಡಿದ ಮೇಲೆಯೇ ಅಲ್ಲಿಗೆ ಲಾರಿಗಳು ಹೋಗುವುದು ನಿಂತಿತು. ಕಾಲ್ನಡಿಗೆಯವರು ಚಾಕೊಲೇಟ್ ಕಾಗದ, ಟಿಕೆಟ್ ಹಾಕಲು ಸೊಂಟದೆತ್ತರದಲ್ಲಿ, ಮನೆಯ ಕಸದ ಕವರು ತೂರಲಾರದಷ್ಟು ಕಿರಿದಾದ ಬಾಯಿಯ ಪುಟ್ಟ ಡಬ್ಬಿಯನ್ನು ಇರಿಸಬಹುದು. ಅದನ್ನು ನಿತ್ಯ ಖಾಲಿ ಮಾಡುವವರು ಯಾರೆಂದು ಮೊದಲು ತೀರ್ಮಾನವಾಗಲಿ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ಗೋಡೆಗೆ ಯಾವ ಬಣ್ಣ ಬಳಿದರೆ ಬಾಳಿಕೆ ಬರುತ್ತದೆ? ದೇವರ ಚಿತ್ರವಿರುವ ಟೈಲ್ಸ್ ಹಾಕಿದರೆ ಯಾರೂ ಕಸ ಹಾಕುವುದಿಲ್ಲ ಎನ್ನುತ್ತಾರೆ, ನಿಜವೇ?

ಉತ್ತರ: 2010ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ‘ದಿ ಅಗ್ಲಿ ಇಂಡಿಯನ್’ ಗುಂಪಿನವರು ಸರಿಪಡಿಸಿದ ಮೂಲೆಗಳನ್ನು ನೋಡಿದ್ದರೆ ಇದಕ್ಕೆ ಅರ್ಧ ಉತ್ತರ ನಿಮಗೆ ಸಿಕ್ಕಿರುತ್ತದೆ. ಹೆಸರು ಹೇಳಿಕೊಳ್ಳದೆ, ‘ಕಾಮ್ ಚಾಲೂ, ಮೂಹ್ ಬಂದ್’ (ಕೆಲಸ ಶುರು, ಬಾಯಿ ಬಂದ್) ಎಂಬ ಮಾತಿನಂತೆ ದುಡಿಯುವ ಆ ಗುಂಪು ಚರ್ಚ್ ಸ್ಟ್ರೀಟಿನ ಆಸುಪಾಸಿನಲ್ಲಿ ಮೊದಲು ಗಮನ ಸೆಳೆಯಿತು. ಅವರ ಗೋಡೆಗಳಲ್ಲಿ ಕೆಳಭಾಗಕ್ಕೆ ಕೆಮ್ಮಣ್ಣಿನ ಬಣ್ಣವಿರುತ್ತದೆ. ಎಲೆ ಅಡಿಕೆ ಉಗುಳಿದ ಕಲೆ, ಮಳೆಗೆ ಸಿಡಿದ ಕೆಸರು, ವಾಹನಗಳ ಧೂಳು ಇವು ಮೂರೂ ಗೋಡೆಯ ಕೆಳಗಿನ ಎರಡು ಮೂರು ಅಡಿಯಲ್ಲಿಯೇ ಎದ್ದು ಕಾಣುವುದರಿಂದ ಅಲ್ಲಿ ತಿಳಿಬಣ್ಣ ಬಳಿದರೆ ತಿಂಗಳಲ್ಲಿ ಗೋಡೆ ಹಳತಾಗುತ್ತದೆ. ನಮ್ಮ ಹಳ್ಳಿಮನೆಗಳಲ್ಲಿ ಸುಣ್ಣದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದವರಿಗೆ ಇದು ಗೊತ್ತಿತ್ತು.

ಬಣ್ಣಕ್ಕಿಂತ ಮುಖ್ಯವಾದದ್ದು ಗೋಡೆಯ ಸಿದ್ಧತೆ. ಹಳೆಯ ಪೋಸ್ಟರುಗಳನ್ನು ನೀರು ಚಿಮುಕಿಸಿ, ನೆನೆಯಲು ಬಿಟ್ಟು, ಚಪ್ಪಟೆ ಉಳಿಯಿಂದ ಕೆರೆದು ತೆಗೆಯಿರಿ. ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಒಂದು ದಿನ ಪೂರ್ತಿ ಒಣಗಲು ಬಿಡಿ. ಒಂದೇ ಬೆಳಿಗ್ಗೆ ತೊಳೆದು ಅಂದೇ ಬಳಿಯುವ ಉತ್ಸಾಹದಲ್ಲಿ ಎಷ್ಟೋ ಗೋಡೆಗಳು ಮೊದಲ ಮಳೆಗೇ ಸಿಪ್ಪೆಯೇಳುತ್ತವೆ. ಗೋಡೆಯ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ, ಸರ್ಕಾರಿ ಗೋಡೆಯಾದರೆ ಸಂಬಂಧಪಟ್ಟ ಇಲಾಖೆಯದ್ದು. ಮತ್ತೆ ಪೋಸ್ಟರ್ ಅಂಟಿಸುವವರ ವಿರುದ್ಧ ದೂರು ಕೊಡಲು ತೆರೆದ ಸ್ಥಳಗಳ ವಿರೂಪ ತಡೆಗಾಗಿ 1981ರಲ್ಲಿಯೇ ಬಂದಿರುವ ಕರ್ನಾಟಕದ ಕಾಯ್ದೆ ನೆರವಿಗಿದೆ.

ದೇವರ ಟೈಲ್ಸ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಲ್ಲ. ಮೂತ್ರ ಮಾಡುವುದು ಸ್ವಲ್ಪ ಕಡಿಮೆಯಾಗಬಹುದು, ಆದರೆ ಕಸ ನಾಲ್ಕು ಮಾರು ಆಚೆಗೆ ಸರಿಯುತ್ತದೆ ಅಷ್ಟೇ. ಮುಂದೆ ಗೋಡೆ ದುರಸ್ತಿಯ ಸಂದರ್ಭ ಬಂದಾಗ ಆ ಟೈಲ್ಸ್ ಒಡೆಯಲು ಯಾರೂ ಮುಂದೆ ಬರುವುದಿಲ್ಲ. ಪಾಲಿಕೆಯವರು ಬ್ಲಾಕ್ ಸ್ಪಾಟ್ ತೆರವುಗೊಳಿಸಿ ರಂಗೋಲಿ ಹಾಕಿಸುವುದನ್ನು ನೀವು ನೋಡಿರಬಹುದು. ಅದು ಇದಕ್ಕಿಂತ ವಾಸಿ, ಏಕೆಂದರೆ ರಂಗೋಲಿ ಹಾಕಲು ದಿನವೂ ಯಾರಾದರೂ ಅಲ್ಲಿಗೆ ಬರಲೇಬೇಕಾಗುತ್ತದೆ.

ಪ್ರಶ್ನೆ (ಮೈಸೂರಿನ ಸದಸ್ಯರು): ನಮ್ಮ ಬೀದಿಯ ಅರಳಿಕಟ್ಟೆಯ ಸುತ್ತ ಹಳೆಯ ದೇವರ ಪಟಗಳು, ಒಡೆದ ಗಾಜು, ಕುಂಕುಮದ ಪೊಟ್ಟಣಗಳು ರಾಶಿ ಬಿದ್ದಿವೆ. ಮುಟ್ಟಲು ಎಲ್ಲರಿಗೂ ಅಳುಕು. ಏನು ಮಾಡುವುದು?

ಉತ್ತರ: ಅಳುಕು ಸಹಜವೇ. ಸಮೀಪದ ದೇವಸ್ಥಾನದ ಅರ್ಚಕರನ್ನು ಕರೆದು, ವಿಸರ್ಜನೆಯ ಮಂತ್ರ ಹೇಳಿಸಿ, ಅವರ ಕೈಯಿಂದಲೇ ಮೊದಲ ಪಟವನ್ನು ಎತ್ತಿಸಿ. ಆಮೇಲೆ ನೆರೆದವರೆಲ್ಲ ಕೈ ಹಾಕುತ್ತಾರೆ. ಪಟದ ಹಿಂದಿನ ಮೊಳೆಗಳನ್ನು ಇಕ್ಕಳದಿಂದ ಕಿತ್ತು, ಗಾಜನ್ನು ಹೊರತೆಗೆದು ದಪ್ಪ ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿ ಇಡಿ. ಚೌಕಟ್ಟಿನ ಮರ ಗುಜರಿಗೆ ಹೋಗುತ್ತದೆ. ಚಿತ್ರದ ಕಾಗದವನ್ನು ನೀರಿನಲ್ಲಿ ನೆನೆಸಿ ಮುದ್ದೆ ಮಾಡಿದರೆ ಯಾರ ಕಾಲಡಿಗೂ ಬೀಳುವುದಿಲ್ಲ. ಅದನ್ನು ಕೆರೆಗೆ ಮಾತ್ರ ಬಿಡಬೇಡಿ.

ಮರದ ಬುಡಕ್ಕೆ ಸಿಮೆಂಟ್ ಬಳಿದಿದ್ದರೆ ಅದನ್ನು ಒಡೆಸಿ, ಕಾಂಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ಉಸಿರಾಡುವಂತೆ ಬಿಡಿಸಿ. ಕಾಂಡಕ್ಕೆ ಆಯಿಲ್ ಪೇಂಟ್ ಬಳಿಯುವುದು, ಮೊಳೆ ಹೊಡೆದು ಫಲಕ ತೂಗುಹಾಕುವುದು ಅಲಂಕಾರವಲ್ಲ. ಕೊಂಬೆ ಕಡಿಯಬೇಕಾದರೆ 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಗಳ ಅನುಮತಿ ಬೇಕು. ಉದುರಿದ ತರಗೆಲೆಗೆ ಬೆಂಕಿ ಹಚ್ಚಬೇಡಿ. ಬಯಲಿನಲ್ಲಿ ಕಸ ಸುಟ್ಟರೆ 5000 ರೂಪಾಯಿ ದಂಡ ವಿಧಿಸಬಹುದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿದೆ. ತಂತಿ ಜಾಲರಿಯನ್ನು ದುಂಡಗೆ ಸುತ್ತಿ ನಿಲ್ಲಿಸಿ ಎಲೆ ತುಂಬುತ್ತಾ, ನಡುನಡುವೆ ಸಗಣಿ ನೀರು ಚಿಮುಕಿಸಿದರೆ ಕೆಲವೇ ತಿಂಗಳಲ್ಲಿ ಅದೇ ಮರಕ್ಕೆ ಗೊಬ್ಬರವಾಗುತ್ತದೆ. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ನಿಮ್ಮ ಊರಿನಲ್ಲಿಯೇ ಇದೆ. ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ: ತೆರಿಗೆ ಕಟ್ಟುವವರು ನಾವು, ಗುಡಿಸುವವರೂ ನಾವೇ ಎಂದರೆ ಪಾಲಿಕೆ ಇರುವುದು ಏತಕ್ಕೆ? ಹೀಗೆ ಮಾಡುವುದರಿಂದ ಪೌರಕಾರ್ಮಿಕರ ಕೆಲಸಕ್ಕೂ ಕುತ್ತು ಬರುವುದಿಲ್ಲವೇ?

ಉತ್ತರ: ದಿನನಿತ್ಯ ಗುಡಿಸುವುದು ನಿಮ್ಮ ಕೆಲಸವಲ್ಲ, ಆಗಬಾರದು ಕೂಡ. ಸ್ವಯಂಸೇವಕರು ಮಾಡಬೇಕಾದದ್ದು, ನಿತ್ಯದ ಗುಡಿಸುವಿಕೆಯಿಂದ ಬಗೆಹರಿಯದ ಒಂದು ಜಾಗವನ್ನು ಆಯ್ದುಕೊಂಡು, ಅದು ಮತ್ತೆ ಕೆಡದಂತೆ ಏರ್ಪಾಡು ಮಾಡಿ, ಪಾಲಿಕೆಗೆ ಒಪ್ಪಿಸುವುದು. ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್ 2015ರಿಂದ ವರ್ಷಗಟ್ಟಲೆ ನಡೆಸಿದ ಭಾನುವಾರದ ಶ್ರಮದಾನವು ಪಟ್ಟು ಹಿಡಿದು ಮಾಡಿದ ಕೆಲಸಕ್ಕೆ ಒಳ್ಳೆಯ ಉದಾಹರಣೆ.

ಪೌರಕಾರ್ಮಿಕರನ್ನು ಕೇಳದೆ ಯೋಜನೆ ಹಾಕುವುದು ನಾನು ಕಂಡ ಗುಂಪುಗಳಲ್ಲಿ ತೀರಾ ಸಾಮಾನ್ಯವಾದ ದೋಷ. ಸೆಪ್ಟೆಂಬರ್ 23ರ ಪೌರಕಾರ್ಮಿಕ ದಿನಾಚರಣೆಯಂದು ಶಾಲು ಹೊದಿಸುವವರು ಉಳಿದ ದಿನಗಳಲ್ಲಿ ಅವರ ಹೆಸರನ್ನೂ ಕೇಳಿರುವುದಿಲ್ಲ. ನಿಮ್ಮ ಮೂಲೆಯ ಗಿರಾಕಿಗಳು ಯಾರು, ಯಾವ ದಿನ ಹೆಚ್ಚು ಬೀಳುತ್ತದೆ, ಗಾಡಿ ಏಕೆ ತಡವಾಗುತ್ತದೆ ಎಂಬುದೆಲ್ಲ ಆ ಬೀದಿ ಗುಡಿಸುವ ಅಮ್ಮನಿಗೆ ನಿಮ್ಮ ಒಂದು ವಾರದ ಕಾವಲಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹಾಗೆಂದು ಭಾನುವಾರ ಅವರನ್ನು ಕರೆಸಿ, ನೀವು ಬಣ್ಣ ಬಳಿಯುವಾಗ ಕಸವನ್ನು ಅವರಿಂದಲೇ ಎತ್ತಿಸಬೇಡಿ. ಅವರ ಪಾಳಿ ಮುಗಿದ ಮೇಲೆ ಮಾಡಿಸಿದ ಕೆಲಸಕ್ಕೆ ಕೂಲಿ ಕೊಡಬೇಕಾಗುತ್ತದೆ.

ಪ್ರಶ್ನೆ: ಶಾಲಾ ಮಕ್ಕಳನ್ನು ಸೇರಿಸಿಕೊಳ್ಳಬಹುದೇ ಮೇಡಂ?

ಉತ್ತರ: ಬಣ್ಣ ಬಳಿಯಲು, ಸಸಿ ನೆಡಲು ಬರಲಿ. ರಾಶಿ ಎತ್ತುವಾಗ ಬೇಡ. ಹಳೆಯ ರಾಶಿಯ ಅಡಿಯಲ್ಲಿ ಸಿರಿಂಜು, ಬ್ಲೇಡು, ಟ್ಯೂಬ್‌ಲೈಟಿನ ಚೂರು ಇದ್ದೇ ಇರುತ್ತವೆ. ದೊಡ್ಡವರೂ ರಬ್ಬರಿನ ದಪ್ಪ ಕೈಗವಸು, ಬೂಟು ಧರಿಸಿ, ಕೈಯಿಂದ ಅಮುಕದೆ ಸಲಿಕೆಯಿಂದಲೇ ಬಾಂಡಲಿಗೆ ತುಂಬಬೇಕು. ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ, ಹರಿಯುವ ನೀರಿನಲ್ಲಿ ಸೋಪಿನಿಂದ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಗಟ್ಟುವ ಔಷಧಿಯನ್ನು 72 ಗಂಟೆಗಳ ಒಳಗೆ ಆರಂಭಿಸಬೇಕಾಗುತ್ತದೆ, ಬೇಗನೆ ಆದಷ್ಟೂ ಒಳ್ಳೆಯದು. ಮ್ಯಾನ್‌ಹೋಲ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ, ಯಾರನ್ನೂ ಅದರೊಳಗೆ ಇಳಿಸಬೇಡಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾನೂನಿನ ಪ್ರಕಾರ ಹಾಗೆ ಇಳಿಸುವುದು ಅಪರಾಧ.

ಮೊದಲ ಸದಸ್ಯರು: ಪಿಜಿ ಮಾಲೀಕರು ಒಪ್ಪಿದ್ದಾರೆ. ಆಯುಧಪೂಜೆಯ ಮರುದಿನ ಎಲ್ಲರಿಗೂ ರಜೆ ಇರುವುದರಿಂದ ಅಂದೇ ಕೆಲಸ ಇಟ್ಟುಕೊಳ್ಳೋಣ ಎಂದಿದ್ದೇವೆ. ಸರಿಯೇ?

ಉತ್ತರ: ದಯವಿಟ್ಟು ಆ ವಾರ ಬೇಡ. ಹಬ್ಬದ ಮರುದಿನ ಊರಿನ ಎಲ್ಲ ಮೂಲೆಗಳಲ್ಲೂ ಬಾಳೆಕಂದು, ಒಡೆದ ಬೂದುಗುಂಬಳ, ಮಾವಿನ ತೋರಣ ಬಿದ್ದಿರುತ್ತವೆ. ಇರುವ ಲಾರಿಗಳೆಲ್ಲ ಮಾರುಕಟ್ಟೆಗಳ ಕಡೆಗೆ ಹೋಗಿರುತ್ತವೆ. ನೀವು ಎತ್ತಿ ಗುಡ್ಡೆ ಹಾಕಿದ ಕಸವನ್ನು ಒಯ್ಯಲು ಗಾಡಿ ಬಾರದೆ, ಆ ಗುಡ್ಡೆಯ ಮೇಲೆಯೇ ಬೀದಿಯವರ ಬಾಳೆಕಂದೂ ಬಂದು ಕೂರುತ್ತದೆ. ಹಬ್ಬ ಮುಗಿದು ಹತ್ತು ದಿನ ಕಳೆಯಲಿ. ಆರೋಗ್ಯ ನಿರೀಕ್ಷಕರಿಂದ ಗಾಡಿ ಬರುವ ದಿನ, ಗಂಟೆ ಎರಡನ್ನೂ ಖಚಿತಪಡಿಸಿಕೊಂಡ ನಂತರವೇ ಬಣ್ಣದ ಡಬ್ಬ ಕೊಳ್ಳಿ. ಕಟ್ಟಡದ ಇಟ್ಟಿಗೆ ಚೂರು, ಸಿಮೆಂಟ್ ಡೆಬ್ರಿ ಇದ್ದರೆ ಅದನ್ನು ಬೇರೆಯಾಗಿಯೇ ಗುಡ್ಡೆ ಹಾಕಿ, ಕಾಂಪ್ಯಾಕ್ಟರಿನವರು ಅದನ್ನು ಮುಟ್ಟುವುದಿಲ್ಲ.